ಕೊಡೆ ಹಿಡಿದು ನಿಂತ ಕೋಚು

ತನಗೆ ಬಾರದ್ದನ್ನು ಇನ್ನೊಬ್ಬರಿಗೆ ಕಲಿಸುವಷ್ಟು ಸುಖ ಲೋಕದಲ್ಲಿ ಬೇರೆ ಇಲ್ಲ. ಬಂದಿದ್ದರೆ ಅದರ ಕಷ್ಟ ಗೊತ್ತಿರುತ್ತಿತ್ತು, ಬಾಯಿ ಕಟ್ಟಿಹೋಗುತ್ತಿತ್ತು. ಮರವಂತೆ ಕಡೆಯ ಹೈಸ್ಕೂಲೊಂದರಲ್ಲಿ ನಾನು ಗಣಿತದ ಮೇಷ್ಟ್ರು. ಡ್ರಿಲ್ ಮಾಸ್ಟರು ವರ್ಗವಾಗಿ ಹೋದ ವರ್ಷ ಹೆಡ್‌ಮಾಸ್ಟರು ಜಾವೆಲಿನ್ ಎನ್ನುವ ಎಸೆಯುವ ಈಟಿಯನ್ನು ನನ್ನ ಕೈಗಿತ್ತು, "ಕೋನ ಗೊತ್ತಿಪ್ದ್ ನಿಮ್ಗೇ ಅಲ್ದಾ? ನೀವೇ ಕಲ್ಸಿ ಮಾರಾಯ್ರೆ" ಎಂದುಬಿಟ್ಟರು. ಕೋನವೇನೋ ಗೊತ್ತಿತ್ತು. ಆದರೆ ನಾನು ಎಸೆದು ತೋರಿಸಿದ ಜಾವೆಲಿನ್ನು ನನ್ನ ಬೆನ್ನ ಹಿಂದೆಯೇ ಬಿತ್ತು. ಮಕ್ಕಳು ನಕ್ಕರು, ನಾನೂ ನಕ್ಕೆ. ಅಂದಿನಿಂದ ಕಲಿಸುವುದೆಲ್ಲ ಬಾಯಲ್ಲೇ.

ಒಂಬತ್ತನೇ ಕ್ಲಾಸಿನ ಸುಜಾತಳ ತೋಳಿನಲ್ಲಿ ಭಾರೀ ಕಸುವು. ಆದರೆ ಎಸೆಯುವಾಗ ಹಿಂದೆ ತಿರುಗಿ ಕೈಯನ್ನೇ ನೋಡುತ್ತಿದ್ದಳು. ಜಾವೆಲಿನ್ನು ಚಾಪೆ ಹಾಸಿದಂತೆ ಅಡ್ಡ ಮಲಗುತ್ತಿತ್ತು. ತುದಿ ಮೊದಲು ನೆಲ ಮುಟ್ಟದಿದ್ದರೆ ಆ ಎಸೆತ ಲೆಕ್ಕಕ್ಕೇ ಇಲ್ಲ.

"ಮಾಯಿನ್ಕಾಯಿಗೆ ಕಲ್ ಹೊಡುವಾಗ ಕೈ ಕಾಂತ್ಯಾ, ಕಾಯಿ ಕಾಂತ್ಯಾ?" ಎಂದು ಗದರಿದೆ.

"ಮೈದಾನದಗೆ ಮಾಯಿನ್ಕಾಯಿ ಎಲ್ಲಿತ್ತ್ ಸರ್? ನಾ ಎಂತ ಕಾಂಬುದ್?"

ನ್ಯಾಯವಾದ ಪ್ರಶ್ನೆ. ಮಾವ ಮದುವೆಯಲ್ಲಿ ಕೊಟ್ಟ ಕೊಡೆ ಬಿಚ್ಚಿಕೊಂಡು ಮೈದಾನದ ಆ ತುದಿಗೆ ಹೋಗಿ ನಿಂತೆ. "ಇದನ್ನ್ ಕಾಣ್!" ಅಂದೆ. ಆಹಾ, ಜಾವೆಲಿನ್ನು ನೆಟ್ಟಗೆ ಬಂದು ಮಣ್ಣಿಗೆ ನಾಟಿತು!

ಕುಂದಾಪುರದ ತಾಲೂಕು ಕ್ರೀಡಾಕೂಟದಲ್ಲಿ ಹುಡುಗಿ ಹೆದರಿಬಿಟ್ಟಳು. ಮೊದಲೆರಡು ಎಸೆತವೂ ಮಕಾಡೆ. ಉಳಿದದ್ದು ಒಂದೇ. ಅದೂ ಮಲಗಿದರೆ ಅವಳ ಒಂದು ವರ್ಷದ ಬೆವರು ಮಣ್ಣುಪಾಲು. ಹಿಂದೆಮುಂದೆ ನೋಡದೆ ಓಡಿದೆ. ಅಲ್ಲಿಯವರೆಗಿನ ಅವಳ ದೂರಗಳನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿ, ಏನು ಮಾಡಿದರೂ ಇಲ್ಲಿಗೆ ತಲುಪಲಾರಳು ಎನ್ನುವ ಜಾಗದಲ್ಲಿ ಕೊಡೆ ಬಿಚ್ಚಿ ನಿಂತೆ. ಅಂಪೈರು ಸೀಟಿ ಊದುತ್ತ ಕೈ ಬೀಸುತ್ತಿದ್ದಾರೆ, ನಾನು ಕೇಳಬೇಕಲ್ಲ! ಅಷ್ಟರಲ್ಲಿ ಜಾವೆಲಿನ್ನು ಅವಳ ಕೈಬಿಟ್ಟಿತ್ತು.

"ಹ್ವಾಯ್ ಸರ್, ಓಡಿ!" ಎಂದು ಸುಜಾತ ಕಿರುಚಿದಳು.

ಕೊಡೆ ಬಿಸಾಡಿ, ಒಂದು ಚಪ್ಪಲಿಯನ್ನೂ ಬಿಟ್ಟು ಓಡಿದೆ. ತಿರುಗಿ ನೋಡಿದರೆ ಜಾವೆಲಿನ್ನು ಕೊಡೆಯ ನಟ್ಟನಡುವೆ ತೂರಿ ನೆಲಕ್ಕೆ ನಾಟಿ ನಿಂತಿದೆ! ಅಂಪೈರುಗಳು ನನಗೆ ಮನಸಾರೆ ಬೈದು, ಆಮೇಲೆ ಟೇಪು ಹಿಡಿದರು. ಮೊದಲ ಬಹುಮಾನ! ಒಂಟಿ ಚಪ್ಪಲಿಯಲ್ಲೇ ಕುಣಿದೆ.

ತೂತಾದ ಕೊಡೆಯನ್ನು ಮಡಚಿ ಕೊಡುತ್ತ ಸುಜಾತ ಕೇಳಿದಳು, "ಅಷ್ಟ್ ಹತ್ರ ಎಂತಕೆ ನಿಂತ್ಕಂಡ್ರಿ ಸರ್?"

ಕೊಡೆಗೇನಾಯಿತು ಎಂದು ಹೆಂಡತಿ ಕೇಳಿದಾಗ ಹೇಳಲು ದಾರಿಯುದ್ದಕ್ಕೂ ಏನೇನೋ ಹೊಂದಿಸಿಕೊಂಡೆ. ಸುಜಾತಳಿಗಾದರೆ, ಗಣಿತದ ಮೇಷ್ಟ್ರ ಹಳೆಯ ಲೆಕ್ಕ ಅಳಿಸಿಹಾಕಿ, ಮರುದಿನ ಅದೇ ತೂತು ಕೊಡೆ ಬಿಚ್ಚಿಕೊಂಡು ಇನ್ನೂ ಇಪ್ಪತ್ತು ಹೆಜ್ಜೆ ದೂರ ಹೋಗಿ ನಿಂತೆ.