ಅಮ್ಮನವರ ಭಾವಚಿತ್ರಕ್ಕೆ ಚಿಕಿತ್ಸೆ

ಎಕ್ಸ್‌ರೇ ಲಕೋಟೆಯ ಬೆನ್ನಿನ ಮೇಲೆ ವೈದ್ಯಾಧಿಕಾರಿಗಳ ಮುಖವನ್ನು ಬರೆದದ್ದು ಆಸ್ಪತ್ರೆಯ ದಾಖಲೆ ಗುಮಾಸ್ತ ತನ್ನ ಏಳು ವರ್ಷದ ಸೇವೆಯಲ್ಲಿ ಮಾಡಿದ ಏಕೈಕ ಅಪರಾಧ. ಆ ಲಕೋಟೆ ಹೇಗೋ ಅವರ ಮೇಜನ್ನೇ ಸೇರಿತು. ದಂಡನೆಗೆ ಸಿದ್ಧನಾಗಿ ಕೈಕಟ್ಟಿ ನಿಂತವನಿಗೆ ದೊರೆತದ್ದು ಬೇರೆಯೇ.

"ಕೈ ಚೆನ್ನಾಗಿದೆ ಕಣಯ್ಯ. ಗುರುವಾರ ಹನ್ನೊಂದಕ್ಕೆ ಹೊಸ ವಾರ್ಡಿನ ಉದ್ಘಾಟನೆ. ಅಮ್ಮನವರ ಭಾವಚಿತ್ರ ಬರೆದುಕೊಡು. ಅವರು ಮೆಚ್ಚಿದರೆ ನಿನ್ನ ವರ್ಗಾವಣೆ ಕಾಗದಕ್ಕೆ ಅಲ್ಲೇ ಸಹಿ ಹಾಕ್ತೀನಿ."

ಅಮ್ಮನವರೆಂದರೆ ನಾಡಿನ ಅಧ್ಯಕ್ಷರ ಮಡದಿ. ಅದಕ್ಕಿಂತ ಮಿಗಿಲಾಗಿ, ಅನಾಥಾಲಯಗಳನ್ನೂ ಆಸ್ಪತ್ರೆಗಳನ್ನೂ ಕಟ್ಟಿಸಿದ ಕರುಣಾಳು. ವರ್ಗಾವಣೆಯೆಂದರೆ, ದೂರದ ಊರಿನಲ್ಲಿ ಉಪಾಧ್ಯಾಯಿನಿಯಾಗಿರುವ ಹೆಂಡತಿಯೊಡನೆ ಏಳು ವರ್ಷಗಳ ತರುವಾಯ ಒಂದೇ ಸೂರಿನಡಿ ಬಾಳುವ ಭಾಗ್ಯ. ಗುಮಾಸ್ತ ಪತ್ರಿಕೆಯ ಫೋಟೋದ ಮೇಲೆ ಚೌಕಗಳನ್ನೆಳೆದು, ಜೋತ ಎಡರೆಪ್ಪೆ, ಗಲ್ಲದ ಮಚ್ಚೆ, ಹಲ್ಲಿನ ಸಂದಿ, ಒಂದನ್ನೂ ಬಿಡದೆ ಬರೆದು ಮುಗಿಸಿದ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಚಿತ್ರವನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಕುರ್ಚಿಯ ಮೇಲಿಟ್ಟದ್ದೇ ತಪ್ಪಾಯಿತು. ಮೊದಲು ಬಂದವರು ಕಣ್ಣಿನ ಡಾಕ್ಟರು.

"ಎಡರೆಪ್ಪೆ ಜೋತಿದೆಯಲ್ಲ?"

"ಅವರಿಗೆ ಇರೋದೇ ಹಾಗೆ, ಸಾರ್."

"ಇರಬಹುದಪ್ಪ. ಇಂಥ ಕಣ್ಣು ನಮ್ಮ ಗೋಡೆ ಮೇಲಿದ್ದರೆ ನಾನು ಇಲ್ಲಿರೋದು ಯಾತಕ್ಕೆ ಅಂತ ಜನ ಕೇಳಲ್ವಾ? ಎತ್ತು."

ರೆಪ್ಪೆ ಮೇಲೆದ್ದಿತು. ಹಲ್ಲಿನ ಡಾಕ್ಟರು ಸಂದಿಯನ್ನು ಮುಚ್ಚಿಸಿದರು. ಚರ್ಮದ ಡಾಕ್ಟರಮ್ಮ ಮಚ್ಚೆಯನ್ನು ಅಳಿಸಿದರು. ಮೂಳೆಯ ಡಾಕ್ಟರು ದೂರದಲ್ಲಿ ನಿಂತು, "ಕತ್ತು ವಾಲಿದೆ, ನೆಟ್ಟಗೆ ಮಾಡು" ಎಂದರು. ಹತ್ತು ಗಂಟೆಯ ಹೊತ್ತಿಗೆ ಅಮ್ಮನವರಿಗೆ ಒಂದು ರೋಗವೂ ಉಳಿದಿರಲಿಲ್ಲ, ಅಮ್ಮನವರೂ ಉಳಿದಿರಲಿಲ್ಲ. ಬಟ್ಟೆಯಂಗಡಿಯ ಗಾಜಿನೊಳಗಿನ ಬೊಂಬೆ ಕುಳಿತಿತ್ತು. ರಬ್ಬರಿನ ಕಡೆಯ ಉಜ್ಜಿಗೆ ಕಾಗದ ಮೂಗಿನ ಬಳಿ ಹರಿಯಿತು. ಹಾದುಹೋಗುತ್ತಿದ್ದ ಶಸ್ತ್ರಚಿಕಿತ್ಸಕರು ಬಗ್ಗಿ ನೋಡಿ, "ಎರಡು ಹೊಲಿಗೆ ಸಾಕು" ಎಂದು ಹೇಳಿ ನಡೆದರು.

ಗುಮಾಸ್ತ ತಲೆಯ ಮೇಲೆ ಕೈಹೊತ್ತು ಕುಳಿತ. ಹೆಂಡತಿಯ ಊರು ಏಳು ಸಮುದ್ರಗಳಾಚೆ ಸರಿದಂತಾಯಿತು.

"ಕಾಲೆತ್ತು ಮಗಾ" ಎಂದಿತು ಒಂದು ದನಿ. ನೆಲ ಒರೆಸುವ ಮುದುಕಿ ಆಯಾ. ಅವನು ಕಾಲನ್ನೂ ಎತ್ತಿದ, ತಲೆಯನ್ನೂ ಎತ್ತಿದ. ಎಷ್ಟೋ ರೋಗಿಗಳನ್ನು ಸಂತೈಸಿ ದಣಿದ ಕಣ್ಣುಗಳು, ಉತ್ತ ಹೊಲದಂತಹ ಹಣೆ.

"ಆಯಮ್ಮಾ, ಒಂದು ಗಳಿಗೆ ಕೂತ್ಕೋತೀಯಾ?"

"ನೆಲ ಆರೋವರೆಗೂ ಕೂರ್ತೀನಿ. ಆಮೇಲೆ ಪಾಯಿಖಾನೆ ತೊಳೀಬೇಕು."

ಹೊಸ ಹಾಳೆಯ ಮೇಲೆ ಪೆನ್ಸಿಲು ಓಡಿತು. ಮುಖ ಆಯಾಳದು, ದುಂಡು ಕನ್ನಡಕವೂ ಅಂಚಿನ ಶಾಲೂ ಅಮ್ಮನವರವು. ಮರಳಿ ಬಂದ ಡಾಕ್ಟರುಗಳು ತಲೆದೂಗಿದರು. "ನೋಡಿದೆಯಾ? ನಮ್ಮ ಮಾತು ಕೇಳಿದ್ದಕ್ಕೆ ಅಮ್ಮನವರೇ ಎದ್ದುಬಂದ ಹಾಗಿದೆ."

ಹನ್ನೊಂದಕ್ಕೆ ಪರದೆ ಸರಿಯಿತು. ಅಮ್ಮನವರು ಚಿತ್ರವನ್ನು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಇದು ನಾನಲ್ಲ."

ವೈದ್ಯಾಧಿಕಾರಿಗಳ ಮುಖ ಪ್ಲಾಸ್ಟರಿನಂತೆ ಬಿಳುಪೇರಿತು. ಆಗ ಬಾಗಿಲ ಬಳಿ ಬಕೆಟ್ಟು ಕೆಳಗಿಟ್ಟ ಸದ್ದು.

"ಅಯ್ಯೋ ಶಿವನೇ" ಎಂದಳು ಆಯಾ, "ನನಗೆ ಕನ್ನಡಕ ಯಾವಾಗ ಬಂತು?"

ಮೊದಲು ನಕ್ಕವರು ಅಮ್ಮನವರೇ. "ಇಲ್ಲಿ ಎಷ್ಟು ವರ್ಷದಿಂದ ಇದ್ದೀರಮ್ಮ?"

"ಮೂವತ್ತೊಂದು, ತಾಯಿ. ಈ ವಾರ್ಡಿಗೆ ಮುಂಚೆ ಇದ್ದ ಶೆಡ್ಡನ್ನೂ ನಾನೇ ಗುಡಿಸ್ತಿದ್ದೆ."

ಅಮ್ಮನವರು ತಮ್ಮ ಶಾಲನ್ನು ತೆಗೆದು ಆಯಾಳ ಹೆಗಲಿಗೆ ಹೊದಿಸಿದರು. ಕತ್ತರಿಯನ್ನು ಅವಳ ಕೈಗಿತ್ತರು. "ಕಟ್ಟಿ ಹೋಗೋಳು ನಾನು, ಕಾಯೋರು ಇವರು. ಈ ಚಿತ್ರ ಇಲ್ಲೇ ಇರಲಿ." ಆಯಾ ರಿಬ್ಬನ್ನನ್ನು ಕತ್ತರಿಸಿದಳು. ಚಪ್ಪಾಳೆಗೆ ಹೊಸ ಗಾಜುಗಳು ನಡುಗಿದವು.

"ಬರೆದವರು ಯಾರು?"

ಗುಮಾಸ್ತನನ್ನು ಮುಂದಕ್ಕೆ ತಳ್ಳಿದರು. ಅಮ್ಮನವರು ಅವನ ಕೈಹಿಡಿದು ಕುಲುಕಿದರು. "ಊರೂರಲ್ಲಿ ನನ್ನನ್ನ ಇಪ್ಪತ್ತರ ಹುಡುಗಿ ಮಾಡಿ ನೇತುಹಾಕಿದ್ದಾರಪ್ಪ. ಮನುಷ್ಯರ ಮುಖ ಬರೆದವನು ನೀನೊಬ್ಬನೇ."

ಹಿರಿಹಿರಿ ಹಿಗ್ಗಿದ ವೈದ್ಯಾಧಿಕಾರಿಗಳು ಕೊಟ್ಟ ಮಾತಿನಂತೆ ಜೇಬಿನಿಂದ ಕಾಗದವನ್ನು ಹೊರತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದರು.

"ಏನದು?" ಎಂದರು ಅಮ್ಮನವರು.

"ಇವನ ವರ್ಗಾವಣೆ, ಅಮ್ಮಾ."

ಅಮ್ಮನವರ ಹುಬ್ಬು ಗಂಟಿಕ್ಕಿತು. "ನನ್ನ ಮುಖ ಬರೀಲಿಲ್ಲ ಅಂತ ಈ ಬಡಪಾಯಿಗೆ ಶಿಕ್ಷೆಯಾ? ಕೊಡಿ ಇಲ್ಲಿ." ಕಾಗದ ನಾಲ್ಕು ಚೂರಾಯಿತು. "ಇಲ್ಲಿ ದುಡಿಯೋ ಒಬ್ಬೊಬ್ಬರ ಚಿತ್ರವನ್ನೂ ಇವನೇ ಬರೀಲಿ. ಅದು ಮುಗಿಯೋ ತನಕ ಇವನನ್ನ ಇಲ್ಲಿಂದ ಯಾರೂ ಕದಲಿಸಕೂಡದು."

"ಅಮ್ಮಾ, ಅದು ಶಿಕ್ಷೆಯಲ್ಲ..." ಎಂದ ಗುಮಾಸ್ತ. ಅಷ್ಟರಲ್ಲಿ ವಾರ್ಡಿನ ಆಳುಗಳು ಅವನನ್ನು ಹೆಗಲಿಗೇರಿಸಿದ್ದರು. ಜಯಘೋಷದಲ್ಲಿ ಅವನ ಮಾತು ಅವನಿಗೇ ಕೇಳಿಸಲಿಲ್ಲ.

ಮಧ್ಯಾಹ್ನ ಹೆಂಡತಿಗೆ ಫೋನು ಮಾಡಿದ. "ಗೆದ್ದೆ ಕಣೇ. ಅಮ್ಮನವರೇ ಕೈಕುಲುಕಿದರು."

"ನಿಮ್ಮ ಕೈ ನನಗೆ ಗೊತ್ತಿಲ್ವಾ? ಸರಿ, ಯಾವತ್ತು ಬರ್ತೀರಿ?"

ಗುಮಾಸ್ತ ಬಾಗಿಲಾಚೆ ನೋಡಿದ. ತಲೆ ಬಾಚಿ ಪೌಡರು ಬಳಿದವರ ಸಾಲು ಕಾರಿಡಾರಿನ ತಿರುವಿನವರೆಗೂ ನಿಂತಿತ್ತು.

"ಇನ್ನು ನಾನೂರ ಹನ್ನೆರಡು ಮುಖ ಆದಮೇಲೆ."

ಸಾಲಿನ ತಲೆಯಲ್ಲಿದ್ದ ಕಣ್ಣಿನ ಡಾಕ್ಟರು ಒಳಗೆ ಇಣುಕಿ ಮೆಲ್ಲಗೆ ಹೇಳಿದರು: "ನೋಡಪ್ಪ, ನನ್ನ ಎಡಗಣ್ಣು ಸ್ವಲ್ಪ ಚಿಕ್ಕದು. ಅದನ್ನ ಮಾತ್ರ..."

ಗುಮಾಸ್ತ ಪೆನ್ಸಿಲನ್ನು ಚೂಪು ಮಾಡಿಕೊಂಡ. ರಬ್ಬರನ್ನು ಕಿಟಕಿಯಿಂದಾಚೆಗೆ ಎಸೆದ.