ಜಯಮ್ಮನ ಮೊಗ್ಗಿನ ಜಡೆಗೆ ನಾನು ಕಟ್ಟಿದ ಬ್ರ್ಯಾಂಡು

ನನ್ನ ಹೆಂಡತಿ ಜಯಮ್ಮ ಮದುವೆ ಹೆಣ್ಣುಗಳಿಗೆ ಮೊಗ್ಗಿನ ಜಡೆ ಕಟ್ಟುತ್ತಾಳೆ. ಅವಳ ಕೈಗೆ ಸಿಕ್ಕ ಮಲ್ಲಿಗೆ ಮೊಗ್ಗು ಹೇಳಿದ ಮಾತು ಕೇಳುತ್ತದೆ. ನಾನು ಕೇಳುವುದಿಲ್ಲ. ಆದದ್ದೆಲ್ಲ ಅದರಿಂದಲೇ.

ನಮ್ಮ ಅರಕೆರೆಯಲ್ಲಿ ಅವಳ ಕೈಯಲ್ಲಿ ಜಡೆ ಕಟ್ಟಿಸಿಕೊಳ್ಳದ ಮದುಮಗಳು ಸಿಗುವುದು ಕಷ್ಟ. ಪ್ರತಿಫಲ? ಎಲೆ ಅಡಿಕೆ, ತೆಂಗಿನಕಾಯಿ, ಜೊತೆಗೆ "ನಮ್ ಜಯಕ್ಕ ಅಲ್ವಾ" ಎಂಬ ಮಾತು. ಒಂದು ದಿನ ಹೂ ಕಟ್ಟುತ್ತಲೇ ಅವಳು, "ರೀ, ನಂದೂ ಅಂತ ಒಂದ್ ಎಸ್ರು ಆಗ್ಬೇಕು ಕಣ್ರೀ. ಬರೀ ಪಕ್ಕದ್ಮನೆ ಅಕ್ಕ ಆಗೇ ಇದ್ಬುಡ್ಲಾ?" ಎಂದಳು. ಅವಳು ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ.

ಅದೇ ಹೊತ್ತಿಗೆ ಪಾಂಡವಪುರದಿಂದ ಹೆಣ್ಣಿನ ತಾಯಿಯೊಬ್ಬರು ಫೋನು ಮಾಡಿದರು. ಭಾನುವಾರ ಬಂದು ನೋಡುತ್ತಾರಂತೆ. ಕೆಲಸ ಒಪ್ಪಿಗೆಯಾದರೆ ಇಡೀ ಮದುವೆಯ ಹೂವೆಲ್ಲ ಜಯಮ್ಮನದೇ. ಊರಾಚೆಯ ಮೊದಲ ಗಿರಾಕಿ!

"ನೀನು ಹೂ ನೋಡ್ಕೊ. ಬ್ರ್ಯಾಂಡು ನಂಗೆ ಬುಡು" ಎಂದೆ. ನಾನು ಹಾಲಿನ ಡೈರಿಯ ಕಾರ್ಯದರ್ಶಿ. ಹಾಲಿನ ಫ್ಯಾಟು ನೋಡುವವನಿಗೆ ಬ್ರ್ಯಾಂಡಿನ ಉಸಾಬರಿ ಏಕೆಂದು ನೀವು ಕೇಳಬಹುದು. ಮೊಬೈಲಿನಲ್ಲಿ ವಿಡಿಯೊ ನೋಡಿದ್ದೆ ಸ್ವಾಮಿ!

ಬಣ್ಣ ಕಡಿಮೆಯಿರಬೇಕು, ಮಾತು ಇನ್ನೂ ಕಡಿಮೆಯಿರಬೇಕು, ಹೆಸರು ಗಿರಾಕಿಯ ಮನಸ್ಸಿನಲ್ಲಿ ನಿಲ್ಲಬೇಕು ಎಂದು ವಿಡಿಯೊದವನು ಹೇಳಿದ್ದ. ನಮ್ಮ ಕಡೆಯ ಫ್ಲೆಕ್ಸುಗಳೋ, ಬಣ್ಣದ ಓಕುಳಿ. ನಾನು ಹಾಗೆ ಮಾಡಲಿಲ್ಲ. ಜಯಮ್ಮನದೊಂದು ಕಪ್ಪುಬಿಳುಪು ಫೋಟೊ, ಸುತ್ತ ಮಲ್ಲಿಗೆಯ ಬಳ್ಳಿ, ಕೆಳಗೆ "ಜಯಮ್ಮ", ಅದರ ಕೆಳಗೆ "ಸದಾ ನಿಮ್ಮ ನೆನಪಿನಲ್ಲಿ". ಜಡೆಯ ಸುದ್ದಿಯೇ ಇಲ್ಲ. ವಿವರಿಸಿದರೆ ಬ್ರ್ಯಾಂಡಿನ ಗತ್ತು ಹೋಗುತ್ತದಂತೆ.

ಶ್ರೀರಂಗಪಟ್ಟಣದ ಫ್ಲೆಕ್ಸ್ ಅಂಗಡಿಯ ಇಲಿಯಾಸ್ ಅದನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಫೋಟೊ ನೋಡಿದ. "ಉಮರ್ ಭಾಳ ಕಮ್ಮಿ ಸಾರ್" ಎಂದ. ಹೆಂಡತಿ ಚಿಕ್ಕವಳಂತೆ ಕಾಣುತ್ತಾಳೆಂದರೆ ಯಾವ ಗಂಡನಿಗೆ ಬೇಡ? ಹಿಗ್ಗಿದೆ. ಅವನು ಟೀ ತರಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟು, "ಸಬರ್ ಮಾಡಿ ಸಾರ್" ಎಂದ. ಪ್ರಿಂಟಾಗುವುದು ತಡವೇನೋ, ಅದಕ್ಕೇ ತಾಳ್ಮೆ ಹೇಳುತ್ತಿದ್ದಾನೆ ಎಂದುಕೊಂಡೆ. ಗಿರಾಕಿಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾನೆ!

ಭಾನುವಾರ ಜಯಮ್ಮ ಹೂ ತರಲು ಮೊದಲ ಬಸ್ಸಿಗೆ ಹೋದಳು. ಅವಳು ಬರುವಷ್ಟರಲ್ಲಿ ಬಸ್‌ಸ್ಟಾಪಿನ ಪಕ್ಕ ಫ್ಲೆಕ್ಸು ಕಟ್ಟಿದೆ. ಹೊಸ ಬೋರ್ಡಿಗೆ ಪೂಜೆ ಮಾಡದೆ ಇರುವುದುಂಟೇ? ಅವಳೇ ಕಟ್ಟಿಟ್ಟಿದ್ದ ಹಾರ ತಂದು ಹಾಕಿದೆ. ಊದುಬತ್ತಿ ಹಚ್ಚಿದೆ. ಕೈಮುಗಿದು ನಿಂತಾಗ ಸಂತೋಷಕ್ಕೆ ಕಣ್ಣು ತುಂಬಿ ಬಂತು. ಒರೆಸಿಕೊಂಡೆ.

ಅದನ್ನು ಊರು ನೋಡಿತು!

ಮನೆಗೆ ಬಂದು ಅಂಗಿ ಬದಲಿಸುತ್ತಿದ್ದೆ. ಪಕ್ಕದ ಮನೆಯ ಪುಟ್ತಾಯಮ್ಮ ಎದೆ ಬಡಿದುಕೊಳ್ಳುತ್ತಾ ಒಳಗೆ ಬಂದರು. ಹಿಂದೆ ಬೀದಿಯ ಹೆಂಗಸರೆಲ್ಲ. ಬ್ರ್ಯಾಂಡು ಇಷ್ಟು ಬೇಗ ಕೆಲಸ ಮಾಡಿತೇ ಎಂದು ನಗುನಗುತ್ತಾ, "ಬನ್ನಿ ಬನ್ನಿ, ಕಾಫಿ ಕುಡೀತೀರಾ?" ಎಂದೆ.

"ಅಯ್ಯೋ, ದುಃಖಕ್ಕೆ ತಲೆ ಕೆಟ್ಟೋಗದೆ ಕಣವ್ವಾ!" ಎಂದು ಒಬ್ಬಾಕೆ ಸೆರಗು ಬಾಯಿಗಿಟ್ಟುಕೊಂಡಳು.

"ಜಯಕ್ಕೋ!" ಪುಟ್ತಾಯಮ್ಮ ನೆಲಕ್ಕೆ ಕುಸಿದರು. "ಜ್ವರ ಬಂದಿದ್ರೂವೆ ನನ್ ಮಗಳಿಗೆ ಕೂತು ಜಡೆ ಕಟ್ಕೊಟ್ಯಲ್ಲೇ! ಬರೀ ಒಂದ್ ತೆಂಗಿನ್ಕಾಯಿ ಕೊಟ್ಟು ಕಳಿಸ್ಬುಟ್ನಲ್ಲೇ ನಾನು!"

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಬಂತು. ಪಾಂಡವಪುರದ ಹೆಣ್ಣಿನ ತಾಯಿ. "ಅಣ್ಣ, ಬಸ್‌ಸ್ಟಾಪಲ್ಲಿ ನೋಡ್ದೋ. ಪಾಪ, ಇಂಗಾಗ್ಬಾರ್ದಿತ್ತು. ಸೂತಕದ್ ಮನೆ ಹೂವ ಮದ್ವೆ ಹೆಣ್ಣಿಗೆ ಮುಡಿಸೋಕಾಗಲ್ಲ, ಬ್ಯಾಜಾರ್ ಮಾಡ್ಕಬ್ಯಾಡಿ. ಕಾರ್ ತಿರುಗಿಸ್ತಾ ಇದೀವಿ."

ಆಗ ಗೊತ್ತಾಯಿತು. ಜಯಮ್ಮ ಬಾಯಿಬಿಟ್ಟು ಹೇಳಿದ ಒಂದೇ ಒಂದು ಆಸೆಗೆ ನಾನೇ ಹಾರ ಹಾಕಿ ಬಂದಿದ್ದೆ.

ಗುಂಡಿ ಹಾಕದ ಅಂಗಿಯಲ್ಲೇ ಓಡಿದೆ. ನನ್ನ ಹಿಂದೆ, ಇವನು ನಾಲೆಗೆ ಹಾರುತ್ತಾನೆಂದು ಹೆಂಗಸರೆಲ್ಲ ಓಡಿಬಂದರು. ನಾವು ಬಸ್‌ಸ್ಟಾಪು ಮುಟ್ಟುವುದಕ್ಕೂ ಬಸ್ಸು ಬರುವುದಕ್ಕೂ ಸರಿಹೋಯಿತು. ಜಯಮ್ಮ ಹೂಬುಟ್ಟಿ ಹಿಡಿದು ಇಳಿದಳು. ಕಂಡಕ್ಟರು ಫ್ಲೆಕ್ಸು ನೋಡಿದ, ಅವಳನ್ನು ನೋಡಿದ, ಸೀಟಿ ಊದುವುದನ್ನೇ ಮರೆತ.

ಅವಳೂ ನೋಡಿದಳು. ಊದುಬತ್ತಿ ಇನ್ನೂ ಉರಿಯುತ್ತಿತ್ತು.

"ಏನ್ರೀ, ನಾನ್ ಯಾವಾಗ್ ಸತ್ತೆ? ನಂಗೊಂದ್ ಮಾತು ಯೋಳ್ಬಾರ್ದಾ?"

"ಬ್ರ್ಯಾಂಡು ಕಣೇ..." ಎಂದೆ.

ಪುಟ್ತಾಯಮ್ಮ ಅವಳನ್ನು ತಬ್ಬಿಕೊಂಡು, ಬೆನ್ನಿಗೆ ಗುದ್ದಿ, ಸತ್ತಾಗ ಅತ್ತದ್ದಕ್ಕಿಂತ ಜೋರಾಗಿ ಅತ್ತರು. ಜನ ಸೇರಿ ರಸ್ತೆ ಕಟ್ಟಿಹೋಗಿತ್ತು. ಪಾಂಡವಪುರದ ಕಾರು ತಿರುಗಲಾಗದೆ ಅಲ್ಲೇ ನಿಂತಿತ್ತು. ಹೆಣ್ಣಿನ ತಾಯಿ ಇಳಿದು ಬಂದರು. ಪುಟ್ತಾಯಮ್ಮ ಅವರ ಕೈ ಹಿಡಿದು, "ನೋಡವ್ವ, ಬದ್ಕವ್ಳೆ! ಇವಳ ಕೈಲಿ ಜಡೆ ಕಟ್ಟುಸ್ಕಂಡ ಹೆಣ್ಮಕ್ಳೆಲ್ಲಾ ಚೆನ್ನಾಗವ್ರೆ. ಇವಳ ಗಂಡನ್ ತಲೆ ಒಂದೇ ಕೆಟ್ಟಿರೋದು!" ಎಂದರು.

ಆ ತಾಯಿ ಮೂಗೊರೆಸಿಕೊಳ್ಳುತ್ತಿದ್ದ ಹೆಂಗಸರನ್ನೆಲ್ಲ ಒಮ್ಮೆ ನೋಡಿದರು. "ಒಂದ್ ಬೀದಿ ಜನ ಇಂಗ್ ಅತ್ಕೊಂಡ್ ಬರ್ತಾರೆ ಅಂದ್ರೆ ಇನ್ನೇನ್ ವಿಚಾರ್ಸದು? ನಡೀರಿ ಜಯಮ್ಮೋರೆ, ಜಡೆ ತೋರ್ಸಿ."

ಜಯಮ್ಮೋರೆ! ನನ್ನ ಹೆಂಡತಿಯ ಕಣ್ಣು ತುಂಬಿತು. ನನ್ನ ಪಕ್ಕದಲ್ಲಿ ಹಾದುಹೋಗುವಾಗ ಮೆಲ್ಲಗೆ, "ಫೋಟೊ ಏನೋ ಚೆಂದಾಗದೆ ಕಣ್ರೀ. ಆ ಹಾರ ತೆಗ್ದಾಕಿ" ಎಂದಳು. ಅವಳು ಬೈದಿದ್ದರೇ ಸಲೀಸಾಗಿರುತ್ತಿತ್ತು.

ಆ ಮದುವೆ ಮುಗಿದ ಮೇಲೆ ನಾಗಮಂಗಲದಿಂದ, ಕೆ.ಆರ್. ಪೇಟೆ ಕಡೆಯಿಂದಲೂ ಫೋನು ಬರುತ್ತಿದೆ. "ಫ್ಲೆಕ್ಸಲ್ ಸತ್ತಿದ್ರಲ್ಲ, ಆ ಜಯಮ್ಮೋರ ಮನೆಯಾ?" ಎಂದೇ ಕೇಳುತ್ತಾರೆ. ಅವಳು "ಊಂ ಕಣವ್ವ, ನಾನೇ" ಎಂದು ನಗುತ್ತಾಳೆ.

ನನಗೂ ಒಬ್ಬ ಗಿರಾಕಿ ಸಿಕ್ಕಿದ. ಡೈರಿಗೆ ಹಾಲು ಹಾಕುವ ಕೆಂಪೇಗೌಡ ಒಂದು ಬೆಳಿಗ್ಗೆ ಕ್ಯಾನು ಕೆಳಗಿಟ್ಟು, "ಅಣ್ಣೋ, ನಮ್ ತಾತನ್ ತಿಥಿ ಅದೆ. ಅಕ್ಕಂಗ್ ಮಾಡಿದ್ಯಲ್ಲ, ಅಂಗೇ ಒಂದ್ ಫ್ಲೆಕ್ಸ್ ಮಾಡ್ಕೊಡು" ಎಂದ.

ಮಾಡಿಕೊಟ್ಟೆ. ತಿಥಿಗೆ ಬಂದವರೆಲ್ಲ ನಿಂತು ನೋಡಿ ತಲೆದೂಗಿದರು. ನಾನು ಮಾಡಿದ ಕೆಲಸದಲ್ಲಿ ಯಾರೂ ಒಂದು ತಪ್ಪೂ ಹುಡುಕದೆ ಹೋದದ್ದು ಅದೇ ಮೊದಲು!