ಗೊಂಬೆಯ ನಲವತ್ತನೇ ಗಂಟೆ

ಎಲ್ಲ ತಾಪತ್ರಯಕ್ಕೂ ಕಾರಣ ಒಂದು ಟವೆಲ್ಲು. ಅದನ್ನು ತರಲು ಥೆರಪಿಸ್ಟ್ ಮೇಡಂ ಒಳಗೆ ಹೋಗದೇ ಇದ್ದಿದ್ದರೆ ಆ ಹುಡುಗಿ ಸಂಜೆ ನೆಮ್ಮದಿಯಾಗಿ ಮನೆ ಸೇರುತ್ತಿದ್ದಳು.

ಫಿಸಿಯೋಥೆರಪಿ ಓದಲು ಅರ್ಜಿ ಹಾಕುವವರು ಮೊದಲು ಯಾವುದಾದರೂ ಕ್ಲಿನಿಕ್ಕಿನಲ್ಲಿ ನಲವತ್ತು ಗಂಟೆ ನಿಂತು ನೋಡಿ, ನೋಡಿದ್ದನ್ನು ಪುಸ್ತಕದಲ್ಲಿ ಬರೆದು, ಸಹಿ ಹಾಕಿಸಿಕೊಂಡು ಬರಬೇಕು. ಅವಳದು ಮೂವತ್ತೊಂಬತ್ತು ಮುಗಿದಿತ್ತು. ಅರ್ಜಿಗೆ ಅವತ್ತೇ ಕಡೇ ದಿನ.

"ರೋಗಿಗಳನ್ನ ಮುಟ್ಟೋ ಹಾಗಿಲ್ಲ, ಸಲಹೆ ಕೊಡೋ ಹಾಗಿಲ್ಲ. ನೋಡೋದಷ್ಟೇ ನಿನ್ನ ಕೆಲಸ" ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಪಾಪ, ಅಂದಿನಿಂದ ಕೈ ಹಿಂದೆ ಕಟ್ಟಿ, ತುಟಿ ಬಿಗಿದು ಮೂಲೆಯಲ್ಲಿ ನಿಂತಳು. ಕ್ಲಿನಿಕ್ಕಿನವರು ಗೊಂಬೆ ಎಂದು ಹೆಸರಿಟ್ಟರು.

ಗೊಂಬೆಯನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವರು ಲೆಕ್ಕದ ಟೀಚರಮ್ಮ. ಪಾರ್ಶ್ವವಾಯು ಬಡಿದು ಮೂರು ತಿಂಗಳು. ನಡಿಗೆ ಕಲಿಸುವ ಎರಡು ಕಡೆಯ ಕಂಬಿ ಹಿಡಿದರೆ ನಿಲ್ಲುತ್ತಿದ್ದರು, ಬಿಟ್ಟರೆ ಕುಸಿಯುತ್ತಿದ್ದರು. ಆದರೂ ದಿನಾ "ಮನೇಲಿ ನಡೆದೆ" ಎನ್ನುವರು. ಹಿಂದೆ ನಿಂತ ಸೊಸೆ ಇಲ್ಲ ಎಂದು ತಲೆಯಾಡಿಸುವಳು.

ಆ ಕೊನೇ ದಿನ ಮೇಡಂ ಟೀಚರಮ್ಮನನ್ನು ಕಂಬಿಗಳ ನಡುವಿನ ಕುರ್ಚಿಯಲ್ಲಿ ಕೂರಿಸಿ, "ಅಲ್ಲಾಡಬೇಡಿ, ಟವೆಲ್ ತರ್ತೀನಿ" ಎಂದು ಹೋದರು. ಮೇಡಂ ಬೆನ್ನು ತಿರುಗಿಸಿದ್ದೇ ತಡ, ಟೀಚರಮ್ಮ ಎದ್ದರು. ಕಂಬಿ ಬಿಟ್ಟರು. ಕಿಟಕಿ ಪಕ್ಕದ ಬೆಂಚಿನ ಮೇಲೆ ಕಣ್ಣು ನೆಟ್ಟರು.

ಗೊಂಬೆ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಹಿಡಿದರೆ ಸಹಿ ಹೋಯಿತು, ಹಿಡಿಯದಿದ್ದರೆ ಟೀಚರಮ್ಮ ಹೋದರು. ಏನು ಮಾಡಬೇಕೆಂದು ತೋಚದೆ ಕಣ್ಣು ಮುಚ್ಚಿಬಿಟ್ಟಳು.

ತೆರೆದಾಗ ಟೀಚರಮ್ಮ ಬೆಂಚಿನ ಮೇಲೆ ಏದುಸಿರು ಬಿಡುತ್ತ ಮಹಾರಾಣಿಯಂತೆ ಕೂತಿದ್ದರು.

ಟವೆಲ್ ಹಿಡಿದು ಬಂದ ಮೇಡಂ ಬೆಚ್ಚಿಬಿದ್ದರು. "ಇವರನ್ನ ಅಲ್ಲಿ ಕೂರಿಸಿದ್ದು ಯಾರು?"

"ಯಾರೂ ಇಲ್ಲ. ನಾನೇ ನಡೆದೆ" ಎಂದರು ಟೀಚರಮ್ಮ.

ಹೊರಗಿನಿಂದ ಓಡಿಬಂದ ಸೊಸೆ, "ಅತ್ತೆ, ದಿನಾ ಇದನ್ನೇ ಹೇಳ್ತೀರಿ" ಎಂದಳು.

ನೆಲ ಒರೆಸುವ ಆಯಾ ಬಾಗಿಲಲ್ಲೇ ತೀರ್ಪು ಕೊಟ್ಟಳು. "ಗೊಂಬೆನೇ ಎತ್ತಿರ್ಬೇಕು ಮೇಡಂ. ಬಾಯಿ ಬಿಡದೋರನ್ನ ನಂಬಬಾರ್ದು."

"ಇವಳನ್ನೇ ಕೇಳಿ! ಇವಳ ಕಣ್ಣೆದುರಿಗೇ ನಡೆದಿದ್ದೀನಿ" ಎಂದರು ಟೀಚರಮ್ಮ.

ಎಲ್ಲರೂ ಗೊಂಬೆಯತ್ತ ತಿರುಗಿದರು. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಹಾಳು ನಾಲಿಗೆ ಸುಳ್ಳಿಗೆ ಹೊರಳಲಿಲ್ಲ.

"ನಾನು... ಕಣ್ಣು ಮುಚ್ಕೊಂಡಿದ್ದೆ, ಮೇಡಂ."

ಟೀಚರಮ್ಮನ ಮುಖ ಬಾಡಿತು. ಮೂರು ತಿಂಗಳು ಕಾದು ಇಟ್ಟ ಹೆಜ್ಜೆಗಳು, ನೋಡಿದವರೇ ಇಲ್ಲ. ಗೊಂಬೆಗೆ ಅಳು ಉಕ್ಕಿ ಬಂತು. ಸಹಿಯ ಚಿಂತೆಯೂ ಆ ಕ್ಷಣ ಮರೆತುಹೋಯಿತು.

ಬಾಡಿದ ಮುಖ ನಿಧಾನವಾಗಿ ಕೆಂಪಾಯಿತು. "ಮೂವತ್ನಾಲ್ಕು ವರ್ಷ ಪಾಠ ಮಾಡಿದ್ದೀನಿ. ಬೋರ್ಡ್ ಮೇಲೆ ಲೆಕ್ಕ ಬಿಡಿಸ್ತಿರುವಾಗ ಕಣ್ಣು ಮುಚ್ಕೊಂಡು ಕೂತವರನ್ನ ಒಬ್ಬರನ್ನೂ ಸುಮ್ಮನೆ ಬಿಟ್ಟಿಲ್ಲ!"

ಎದ್ದರು. ಯಾರನ್ನೂ ಯಾವುದನ್ನೂ ಹಿಡಿಯದೆ ಕೋಣೆ ದಾಟಿ ನೇರವಾಗಿ ಬಂದರು. ಬಂದವರೇ ಗೊಂಬೆಯ ಕಿವಿ ಹಿಡಿದು ಹಿಂಡಿದರು.

ಸೊಸೆ ಅತ್ತೆಯನ್ನು ತಬ್ಬಿಕೊಂಡು ಅತ್ತಳು. ಆಯಾ ಚಪ್ಪಾಳೆ ತಟ್ಟಿದಳು. ಮೇಡಂ ಅದೇ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡು ಪೆನ್ನು ತೆಗೆದರು.

"ತಾ ಪುಸ್ತಕ. ಕೊನೇ ಗಂಟೇಲಿ ಏನು ನೋಡಿದೆ ಅಂತ ಒಂದು ಸಾಲು ಬರಿ, ಸಹಿ ಹಾಕ್ತೀನಿ. ಯಾವ ಕಾಲು ಮೊದಲು ಇಟ್ಟರು, ಎಷ್ಟು ಹೆಜ್ಜೆ. ಅಷ್ಟು ಸಾಕು."

ಗೊಂಬೆ ಉರಿಯುವ ಕಿವಿ ಉಜ್ಜಿಕೊಂಡಳು. ಪೆನ್ನನ್ನು ನೋಡಿದಳು, ನೆಲವನ್ನು ನೋಡಿದಳು, ಕೊನೆಗೆ ಟೀಚರಮ್ಮನ ಕಾಲುಗಳನ್ನು ನೋಡಿದಳು.

"ಮೇಡಂ, ಅವರು ಅಷ್ಟು ಕೋಪದಲ್ಲಿ ನನ್ನ ಕಡೆಗೇ ಬರ್ತಿದ್ರಲ್ಲ..." ಅವಳು ಮತ್ತೆ ಕೈ ಹಿಂದೆ ಕಟ್ಟಿಕೊಂಡಳು. "ಆಗಲೂ ಕಣ್ಣು ಮುಚ್ಕೊಂಡಿದ್ದೆ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು.